ಗೋಲಿನ ಬಾಯಲ್ಲಿ ನಿಂತವರು

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್ ಹಾದಿ. ಆ ಹಾದಿಯನ್ನು ಸುತ್ತಲಿನ ಹಳ್ಳಿಗಳ ತರುಣರು ತಲೆಮಾರುಗಳಿಂದ ಸೈನ್ಯದ ಭರತಿಗೆಂದು ಸವೆಸಿದ್ದಾರೆ. 1922ರಿಂದ ಬೆಳಗಾವಿಯು ಮರಾಠಾ ಲೈಟ್ ಇನ್‌ಫಂಟ್ರಿಯ ತವರು. 1947ರಲ್ಲಿ ಸೈನ್ಯದ ವಾದ್ಯವೃಂದಕ್ಕೆ ಸೇರಿ ಈ ಪಲ್ಟನ್ನಿನವನಾದ ಒಬ್ಬ ಹುಡುಗ ಬಂದದ್ದು ಮಾತ್ರ ಬಲು ದೂರದಿಂದ, ಮಧ್ಯಪ್ರದೇಶದ ಮಹೂ ಊರಿನಿಂದ. ಹೆಸರು ಶಂಕರ ಲಕ್ಷ್ಮಣ. ಮುಂದೆ ಮೂರು ಒಲಿಂಪಿಕ್ ಫೈನಲ್‌ಗಳಲ್ಲಿ ಭಾರತದ ಹಾಕಿ ಗೋಲನ್ನು ಕಾದವರು ಅವರೇ. ಆ ಮೂರು ಪಂದ್ಯಗಳಲ್ಲಿ ಅವರನ್ನು ದಾಟಿ ಹೋದ ಗೋಲು ಒಂದೇ ಒಂದು.

‘ಅಜೇಯ’ ಎಂಬ ಮಾತನ್ನು ಕ್ರೀಡಾರಂಗದಲ್ಲಿ ಬಲು ಧಾರಾಳವಾಗಿ ಬಳಸಲಾಗುತ್ತದೆ. ಅಮೆರಿಕದ ಕಾಲೇಜುಗಳಂತೂ ತಮ್ಮ ಫುಟ್‌ಬಾಲಿನ ಅಜೇಯ ವರ್ಷಗಳನ್ನು ವಂಶಾವಳಿಯಂತೆ ಕಾಪಾಡಿಕೊಂಡು ಬಂದಿವೆ. (ಅದನ್ನು ಫುಟ್‌ಬಾಲ್ ಎನ್ನುವುದು ಅವರ ದೊಡ್ಡತನ, ಅಲ್ಲಿ ಕಾಲಿಗಿಂತ ಕೈಗೂ ಹೆಗಲಿಗೂ ಕೆಲಸ ಹೆಚ್ಚು.) 1901ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡವು ಫೀಲ್ಡಿಂಗ್ ಯೋಸ್ಟ್ ಎಂಬ ಶಿಕ್ಷಕನ ಕೈಯಲ್ಲಿ ಪಳಗಿ ಹನ್ನೊಂದು ಪಂದ್ಯಗಳನ್ನಾಡಿ ಹನ್ನೊಂದನ್ನೂ ಗೆದ್ದಿತು. ಗಳಿಸಿದ ಅಂಕ 550, ಬಿಟ್ಟುಕೊಟ್ಟದ್ದು ಸೊನ್ನೆ. ಬಫೆಲೋ ತಂಡದ ಮೇಲೆ ಒಂದೇ ದಿನ 128 ಅಂಕಗಳು! 1902ರ ಹೊಸವರ್ಷದ ದಿನ ಸ್ಟ್ಯಾನ್‌ಫರ್ಡ್ ತಂಡ 49 ಅಂಕಗಳ ಹೊಡೆತ ತಿಂದು, ಇನ್ನೂ ಎಂಟು ನಿಮಿಷ ಉಳಿದಿರುವಾಗಲೇ ಆಟ ಸಾಕೆಂದು ತಾನಾಗಿ ಕೈಮುಗಿಯಿತು. ಕೇಳುವುದಕ್ಕೆ ಸೊಗಸಾದ ಕಥೆ. ಆದರೆ ಎದುರಾಳಿ ಎದುರು ನಿಲ್ಲಲಾರದ ಕಡೆ ಗೆದ್ದವನ ಬಲವನ್ನು ತೂಗುವುದಾದರೂ ಹೇಗೆ?

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಲೆಕ್ಕವೂ ಮಿಷಿಗನ್‌ನ ಲೆಕ್ಕದಂತೆಯೇ ಕಾಣುತ್ತದೆ: ಐದು ಪಂದ್ಯ, 38 ಗೋಲು, ಎದುರಾಳಿಗಳಿಗೆ ಸೊನ್ನೆ. ಅಫಘಾನಿಸ್ತಾನದ ಮೇಲೆ 14, ಅಮೆರಿಕದ ಮೇಲೆ 16, ಸಿಂಗಪುರದ ಮೇಲೆ 6. ಇಲ್ಲಿಗೇ 36 ಆಯಿತು. ಉಳಿದ ಎರಡು ಗೋಲುಗಳಲ್ಲಿ ಒಂದು ಸೆಮಿಫೈನಲ್‌ನಲ್ಲಿ ಜರ್ಮನಿಯ ಮೇಲೆ, ಇನ್ನೊಂದು ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ. ಚಿನ್ನದ ಪದಕವು ನಿಜವಾಗಿ ನಿಂತದ್ದು ಈ ಎರಡು ಗೋಲುಗಳ ಮೇಲೆ. ಅದಕ್ಕಿಂತ ಹೆಚ್ಚಾಗಿ, ಆ ಎರಡು ಪಂದ್ಯಗಳಲ್ಲಿ ಭಾರತದ ಬಲೆಗೆ ಬೀಳದೆ ಹೋದ ಗೋಲುಗಳ ಮೇಲೆ. ಹದಿನಾಲ್ಕು ಗೋಲಿನ ಪಂದ್ಯದಲ್ಲಿ ಗೋಲ್‌ಕೀಪರ್ ಎಂದರೆ ಮದುವೆ ಮನೆಯ ಬಾಗಿಲಲ್ಲಿ ಕುಳಿತ ಕಾವಲುಗಾರ. ಒಂದು ಗೋಲಿನ ಪಂದ್ಯದಲ್ಲಿ ಇಡೀ ಮನೆಯ ಭಾರ ಅವನೊಬ್ಬನ ಮೇಲೆ. ಅಂದಿನ ಗೋಲ್‌ಕೀಪರನಿಗೆ ಇಂದಿನಂತೆ ತಲೆಗೆ ಶಿರಸ್ತ್ರಾಣವಿಲ್ಲ, ಮುಖಕ್ಕೆ ಜಾಲರಿಯಿಲ್ಲ. ಕಾಲಿಗೆ ಪ್ಯಾಡು, ಕೈಗೆ ಗವಸು, ಅಷ್ಟೇ. ಕಲ್ಲಿನಂತೆ ಗಟ್ಟಿಯಾದ ಚೆಂಡಿಗೆ ಕಾಲೊಡ್ಡುವುದೇ ಅವನ ವೃತ್ತಿ.

1960ರ ರೋಮ್‌ನಲ್ಲಿ ಆ ಒಂದು ಗೋಲು ಬಂತು. ಪಾಕಿಸ್ತಾನದ ನಸೀರ್ ಅಹಮದ್ ಹೊಡೆದ ಚೆಂಡು ಬಲೆ ಸೇರಿತು. ಭಾರತಕ್ಕೆ ಉತ್ತರ ಕೊಡಲಾಗಲಿಲ್ಲ. 1928ರಿಂದ ಒಲಿಂಪಿಕ್ಸ್‌ನಲ್ಲಿ ಮೂವತ್ತು ಪಂದ್ಯಗಳನ್ನು ಸತತವಾಗಿ ಗೆದ್ದಿದ್ದ ದೇಶ ಮೊದಲ ಬಾರಿಗೆ ಸೋತಿತು. ಮುಂದಿನ ಸಾಲಿನವರು ಒಂದು ಗೋಲನ್ನೂ ಹೊಡೆಯಲಿಲ್ಲವೆಂಬುದು ಜನಕ್ಕೆ ಬೇಗ ಮರೆತುಹೋಗುತ್ತದೆ. ಬಲೆಯೊಳಗಿಂದ ಚೆಂಡನ್ನು ಎತ್ತಿಕೊಡುವವನ ಮುಖ ಮರೆಯುವುದಿಲ್ಲ. ನಾಲ್ಕು ವರ್ಷ ಆ ಒಂದು ಗೋಲನ್ನು ಹೊತ್ತು ಲಕ್ಷ್ಮಣರು ಟೋಕಿಯೋಗೆ ಹೋದರು.

1964ರ ಆ ತಂಡದಲ್ಲಿ ಬೆಳಗಾವಿಯಲ್ಲೇ ಹುಟ್ಟಿದ ಬಂಡು ಪಾಟೀಲರೂ ಇದ್ದರು. ಇದು ಮೆಲ್ಬರ್ನ್‌ನ ಮೆರವಣಿಗೆಯಲ್ಲ. ಜರ್ಮನಿಯೊಡನೆ 1-1, ಸ್ಪೇನಿನೊಡನೆ 1-1. ಹಾಲೆಂಡಿನ ಮೇಲೆ ಗೆದ್ದದ್ದೂ 2-1ರಿಂದ ಮಾತ್ರ. ಒಂಬತ್ತು ಪಂದ್ಯಗಳಲ್ಲಿ ಏಳು ಗೆಲುವು, ಎರಡು ಸಮ. ಹೊಡೆದದ್ದು 22, ಬಿಟ್ಟದ್ದು 5. ಮಿಷಿಗನ್ನಿನವರು ಈ ಲೆಕ್ಕವನ್ನು ನೋಡಿ ನಕ್ಕಾರು. ಆದರೂ ಭಾರತದ ಅಜೇಯ ವರ್ಷಗಳಲ್ಲಿ ಹೆಚ್ಚು ತೂಕದ್ದು ಯಾವುದೆಂದರೆ ಈ ಕಲೆಬಿದ್ದ ಲೆಕ್ಕದ ವರ್ಷವನ್ನೇ ಹೇಳಬೇಕು.

ಅಕ್ಟೋಬರ್ 23ರಂದು ಫೈನಲ್. ಎದುರಾಳಿ ಮತ್ತೆ ಪಾಕಿಸ್ತಾನ. ಉತ್ತರಾರ್ಧದಲ್ಲಿ ಪೃಥಿಪಾಲ್ ಸಿಂಗ್ ಹೊಡೆದ ಪೆನಾಲ್ಟಿ ಕಾರ್ನರ್ ಪಾಕಿಸ್ತಾನದ ಆಟಗಾರನ ಕಾಲಿಗೆ ತಗುಲಿತು. ದೊರೆತ ಪೆನಾಲ್ಟಿ ಸ್ಟ್ರೋಕನ್ನು ಮೊಹಿಂದರ್ ಲಾಲ್ ಗೋಲಾಗಿಸಿದರು. ಅಲ್ಲಿಂದ ಮುಂದೆ ಪಾಕಿಸ್ತಾನದ ದಾಳಿ ಬಿರುಮಳೆಯಂತೆ ಬಂತು. ಲಕ್ಷ್ಮಣರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಾಲೊಡ್ಡಿದರು. ಸೀಟಿ ಊದಿದಾಗ 1-0. ರೋಮ್‌ನ ಅಂಕಿಯೇ, ಆದರೆ ತಿರುವುಮುರುವು.

ಅದೇ ವರ್ಷ ಅರ್ಜುನ ಪ್ರಶಸ್ತಿ, 1967ರಲ್ಲಿ ಪದ್ಮಶ್ರೀ. ನಡುವೆ 1966ರಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡೆಗಳಿಗೆ ಅವರೇ ನಾಯಕರಾಗಿ ಹೋಗಿ, ಪಾಕಿಸ್ತಾನವನ್ನು ಅದೇ ಒಂದು ಗೋಲಿನಿಂದ ಸೋಲಿಸಿ, ಆ ಕ್ರೀಡೆಗಳಲ್ಲಿ ಭಾರತಕ್ಕೆ ಹಾಕಿಯ ಮೊದಲ ಚಿನ್ನ ತಂದರು. 1968ರ ಮೆಕ್ಸಿಕೋ ತಂಡದಲ್ಲಿ ಅವರ ಹೆಸರಿರಲಿಲ್ಲ. 1979ರಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ಕ್ಯಾಪ್ಟನ್ ಆಗಿ ನಿವೃತ್ತರಾಗಿ ಹುಟ್ಟಿದೂರಿಗೆ ಮರಳಿದರು. ವೃದ್ಧಾಪ್ಯದಲ್ಲಿ ಒಂದು ಕಾಲಿಗೆ ಗ್ಯಾಂಗ್ರೀನ್ ಹತ್ತಿತು. ಕತ್ತರಿಸಿ ತೆಗೆಯಬೇಕೆಂದು ವೈದ್ಯರು ಹೇಳಿದರು. ಲಕ್ಷ್ಮಣರು ಒಪ್ಪಲಿಲ್ಲ, ಪ್ರಕೃತಿ ಚಿಕಿತ್ಸೆಯನ್ನು ನೆಚ್ಚಿಕೊಂಡರು. 2006ರ ಏಪ್ರಿಲ್ 29ರಂದು ಮಹೂವಿನಲ್ಲಿ ತೀರಿಕೊಂಡರು. ಆ ಕಾಲನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.