ಡ್ರಮ್ಮಿನೊಳಗಿನ ಅದೃಷ್ಟ

ಕಳೆದ ಬೇಸಿಗೆ ರಜೆಯಲ್ಲಿ ಅಘನಾಶಿನಿ ದಡದ ಮಾವನ ಮನೆಗೆ ಹೋಗಿದ್ದೆ. ಕೊಟ್ಟಿಗೆಯ ಮೂಲೆಯಲ್ಲೊಂದು ನೀಲಿ ಡ್ರಮ್ಮು, ಮುಚ್ಚಳದ ಮೇಲೆ ಕಲ್ಲು. ತೆರೆದರೆ ಒಳಗೆ ಮಣ್ಣುಮುಕ್ಕ ಹಾವು! ನಾವು ಎರಡು ತಲೆ ಹಾವು ಎನ್ನುತ್ತೇವಲ್ಲ, ಅದೇ. ಮೈ ಸೊರಗಿ ಬೆನ್ನೆಲುಬು ಎದ್ದು ಕಾಣುತ್ತಿತ್ತು. ಅರ್ಧ ಕಳಚಿದ ಪೊರೆ ಕಣ್ಣಿಗೇ ಅಂಟಿಕೊಂಡಿತ್ತು. ಪಕ್ಕದಲ್ಲಿ ಬಟ್ಟಲು ತುಂಬ ಹಾಲು.

‘ಅದಕ್ಕೆ ಎಂತದೂ ಆಗಲಿಲ್ಲ ಮಾರಾಯ, ದಿನಾ ಹಾಲಿಡ್ತೇನೆ’ ಎಂದರು ಮಾವ. ಇದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆ, ತೂಕ ಹೆಚ್ಚಿದರೆ ಲಕ್ಷಗಟ್ಟಲೆ ಬೆಲೆ ಎಂದು ನಂಬಿಸಿ, ಹಾವೇರಿ ಕಡೆಯಿಂದ ತಂದವನೊಬ್ಬ ಅವರಿಗೆ ಮಾರಿದ್ದ.

ಹಾವು ಹಾಲು ಕುಡಿದು ಬದುಕುವ ಜೀವಿಯಲ್ಲ. ಇದಕ್ಕೆ ವಿಷವೂ ಇಲ್ಲ, ಎರಡು ತಲೆಯೂ ಇಲ್ಲ. ಮೊಂಡು ಬಾಲ ತಲೆಯಂತೆ ಕಂಡು ವೈರಿಯನ್ನು ಏಮಾರಿಸುತ್ತದೆ, ಅಷ್ಟೇ. ಸಡಿಲ ಮಣ್ಣಿನಲ್ಲಿ ಹುದುಗಿ ಇಲಿ ಹಿಡಿದು ರೈತನಿಗೆ ಉಪಕಾರ ಮಾಡುವ ಈ ಹಾವನ್ನು ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಎರಡು ರಾತ್ರಿ ವಾದ ನಡೆಯಿತು. ಗುಟ್ಟಾಗಿ ಗದ್ದೆಗೆ ಬಿಟ್ಟುಬಿಡೋಣ ಎಂದರು ಅತ್ತೆ. ನನಗೂ ಮೊದಲು ಅದೇ ಸರಿ ಎನಿಸಿತ್ತು. ಆದರೆ ಒಣ ಬಯಲಿನಿಂದ ತಂದ ಹಾವನ್ನು, ಅದೂ ಹಸಿದು ಕಣ್ಣು ಕಾಣದಿರುವಾಗ, ನಮ್ಮ ಕರಾವಳಿಯ ಮಳೆಗಾಲಕ್ಕೆ ಬಿಟ್ಟರೆ ಅದು ಬಿಡುಗಡೆಯೇ? ಕೊನೆಗೆ ಮಾವನೇ ಅರಣ್ಯ ಇಲಾಖೆಗೆ ಫೋನ್ ಮಾಡಿದರು.

ಪಶುವೈದ್ಯರು ಪೊರೆಯನ್ನು ಎಳೆದು ಕೀಳಲಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಹಾವನ್ನು ಇರಿಸಿ, ಒದ್ದೆ ಬಟ್ಟೆಯ ನಡುವೆ ಹರಿದಾಡಲು ಬಿಟ್ಟರು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಪಾರದರ್ಶಕ ಪದರವಿರುತ್ತದೆ, ಎಳೆದರೆ ಕಣ್ಣೇ ಹೋದೀತು. ಹಸಿದಿದೆಯೆಂದು ಹೊಟ್ಟೆ ತುಂಬ ತಿನ್ನಿಸಿದರೂ ವಾಂತಿಯಾಗುತ್ತದಂತೆ. ಮೊದಲು ನೀರು, ಕೆಲ ದಿನಗಳ ನಂತರ ಒಂದು ಪುಟ್ಟ ಇಲಿಮರಿ. ಅದು ನುಂಗಿದ ದಿನ ನಾನೂ ಅಲ್ಲೇ ಇದ್ದೆ. ಚೇತರಿಸಿಕೊಳ್ಳಲು ಎರಡು ತಿಂಗಳೇ ಹಿಡಿಯಿತು. ಬಳಿಕ ಇಲಾಖೆಯವರು ಘಟ್ಟದ ಮೇಲಿನ ಬಯಲುಸೀಮೆಗೆ ಒಯ್ದು ಬಿಟ್ಟರು.

ಮಾವ ಕೊಟ್ಟ ಹಣ ಹೋಯಿತು. ಹೇಳಿಕೆ, ವಿಚಾರಣೆ ಎಂದು ಅವರ ಅಲೆದಾಟ ಇನ್ನೂ ಮುಗಿದಿಲ್ಲ. ಅತ್ತೆ ಈಗಲೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಬೇಸರವಿದೆ, ಪಶ್ಚಾತ್ತಾಪವಿಲ್ಲ.

ನಾಗರ ಪಂಚಮಿಯಂದು ಬನಕ್ಕೆ ಹೋಗಿ ಹಾಲೆರೆದು ಕೈಮುಗಿಯುವವರು ನಾವು. ಅದೇ ಕೈಯಲ್ಲಿ ಇನ್ನೊಂದು ಹಾವನ್ನು ತೂಕಕ್ಕೆ ಕೊಳ್ಳುತ್ತೇವಲ್ಲ! ಮಾರುವವನನ್ನು ಪೊಲೀಸರು ಹಿಡಿಯಬಹುದು. ಆದರೆ ಕೊಳ್ಳುವವರು ಇರುವತನಕ ಇನ್ನೊಬ್ಬ ಚೀಲ ಹೊತ್ತು ಬರುತ್ತಾನೆ. ಕೊಳ್ಳುವವರು ನಮ್ಮ ಮನೆಯವರೇ ಆಗಿರುವಾಗ ಅವರನ್ನು ತಡೆಯಬೇಕಾದವರು ನಾವಲ್ಲದೆ ಇನ್ಯಾರು?

ನಿಮ್ಮೂರಿನ ಕೊಟ್ಟಿಗೆಯಲ್ಲೂ ಇಂಥದೊಂದು ಡ್ರಮ್ಮು ಇದ್ದೀತು. ಕಂಡರೆ ಸುಮ್ಮನಿರಬೇಡಿ. ಅರಣ್ಯ ಸಹಾಯವಾಣಿಯ ಸಂಖ್ಯೆ 1926.