ಗಾಯದ ಹುಳು: ಅಸಹ್ಯವೋ, ಔಷಧವೋ?

ಮಳೆಗಾಲದಲ್ಲಿ ದನಕರುಗಳ ಗಾಯಕ್ಕೆ ಹುಳು ಬೀಳುವುದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ರೈತರಿಗೆ ಹೊಸದಲ್ಲ. ಮನುಷ್ಯರಿಗೂ ಬೀಳುವುದುಂಟು, ಆದರೆ ಯಾರೂ ಹೇಳಿಕೊಳ್ಳುವುದಿಲ್ಲ. ಸವಣೂರು ಕಡೆಯ ಹಿರಿಯರೊಬ್ಬರು ಸಕ್ಕರೆ ಕಾಯಿಲೆಯವರು. ಅವರ ಕಾಲ್ಬೆರಳಿನ ಗಾಯದಲ್ಲಿ ಹುಳು ಕಂಡ ಮನೆಯವರು ಸೀಮೆಎಣ್ಣೆ ಸುರಿದು, ಅರಿವೆ ಸುತ್ತಿ, ನಾಚಿಕೆಯಿಂದ ಎಂಟು ದಿನ ಮುಚ್ಚಿಟ್ಟರು. ನಮ್ಮಲ್ಲಿಗೆ ಕರೆತಂದಾಗ ಬೆರಳು ಕಪ್ಪಾಗಿತ್ತು. ಕೂಡಲೇ ಶಸ್ತ್ರಚಿಕಿತ್ಸಕರಲ್ಲಿಗೆ ಕಳುಹಿಸಿದೆವು, ಬೆರಳು ಉಳಿಯಲಿಲ್ಲ.

ಇದೇ ಹುಳುವನ್ನು ಚಿಕಿತ್ಸೆಗೆ ಬಳಸುವರೆಂದರೆ ಓದುಗರು ಹುಬ್ಬೇರಿಸಬಹುದು. ಮೊದಲ ಮಹಾಯುದ್ಧದಲ್ಲಿ ಏಳು ದಿನ ರಣರಂಗದಲ್ಲೇ ಬಿದ್ದಿದ್ದ ಇಬ್ಬರು ಸೈನಿಕರ ಗಾಯಗಳಲ್ಲಿ ಹುಳು ತುಂಬಿದ್ದರೂ ಜ್ವರವಿರಲಿಲ್ಲ, ಅಡಿಯಲ್ಲಿ ಕೆಂಪು ಮಾಂಸ ಚಿಗುರಿತ್ತು. ಅದನ್ನು ಕಂಡ ಅಮೆರಿಕದ ಡಾ. ವಿಲಿಯಂ ಬೇರ್ ಮುಂದೆ ಬಾಲ್ಟಿಮೋರಿನಲ್ಲಿ ಮೂಳೆ ಕೊಳೆತ ಮಕ್ಕಳಿಗೆ ಈ ಚಿಕಿತ್ಸೆ ನೀಡಿದರು. 2004ರಲ್ಲಿ ಅಮೆರಿಕ ಸರ್ಕಾರವೂ ಸಮ್ಮತಿಸಿತು. ಲುಸಿಲಿಯಾ ಸೆರಿಕೇಟಾ ಎಂಬ ಹಸಿರು ನೊಣದ, ಕ್ರಿಮಿಶುದ್ಧಗೊಳಿಸಿದ ಮರಿಗಳನ್ನು ಗಾಯದಲ್ಲಿಟ್ಟು ಎರಡು ಮೂರು ದಿನ ಜಾಳಿಗೆಯ ಪಟ್ಟಿ ಕಟ್ಟುತ್ತಾರೆ. ಅವು ತಮ್ಮ ರಸದಿಂದ ಸತ್ತ ಮಾಂಸವನ್ನು ಕರಗಿಸಿ ಹೀರುತ್ತವೆ. ಆದರೆ ಬ್ರಿಟನ್ನಿನಲ್ಲಿ 267 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಾಯ ಬೇಗ ಶುದ್ಧವಾಯಿತೇ ಹೊರತು ಬೇಗ ಮಾಯಲಿಲ್ಲ, ನೋವೂ ಹೆಚ್ಚಿತ್ತು.

ಎಲ್ಲವೂ ನಮ್ಮ ಗ್ರಂಥಗಳಲ್ಲಿತ್ತು ಎನ್ನುವ ನಮ್ಮ ವೈದ್ಯ ಬಂಧುಗಳಿಗೆ ಒಂದು ಮಾತು. ಸುಶ್ರುತರು ಅರ್ಬುದ ಚಿಕಿತ್ಸೆಯಲ್ಲಿ ನೊಣಗಳನ್ನು ಆಕರ್ಷಿಸುವ ಲೇಪ ಹಚ್ಚಿ, ಹುಳು ತಿಂದುಳಿದುದನ್ನು ಕೆರೆದು ಸುಡಲು ಹೇಳಿದ್ದಾರೆ, ನಿಜ. ಆದರೆ ವ್ರಣಕ್ಕೆ ಬಿದ್ದ ಕ್ರಿಮಿಯನ್ನು ತೊಳೆದು ತೆಗೆಯಬೇಕೆಂದವರೂ ಅವರೇ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವುದು ನಮಗೆ ಸಲ್ಲದು. ತಾನಾಗಿ ಬಿದ್ದ ಹುಳು ಔಷಧವಲ್ಲ. ಅದರಲ್ಲಿ ಜೀವಂತ ಮಾಂಸವನ್ನೇ ಕೊರೆಯುವ ಜಾತಿಯೂ ಇದೆ.

ಜೀವಹಿಂಸೆಯೆಂಬ ಆಕ್ಷೇಪವೂ ಬರುತ್ತದೆ. ರೇಷ್ಮೆಯ ಮಡಿಯುಟ್ಟು ಪೂಜೆಗೆ ಕೂಡುವ ನಾವು ಅದನ್ನು ತುಸು ಮೆಲ್ಲಗೆ ಆಡುವುದು ಲೇಸು.

ಕಾಲು ತೆಗೆಯಬೇಕೆಂಬ ಹಂತದಲ್ಲಿರುವ ಕೆಲವರಿಗಾದರೂ ಈ ದಾರಿ ತೆರೆದಿರಬೇಕು ಎಂಬುದು ನಮ್ಮ ಅಭಿಪ್ರಾಯ. ಹಾವೇರಿಯಲ್ಲೀಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ; ಶುದ್ಧ ಮರಿಗಳನ್ನು ಬೆಳೆಸುವ ಒಂದು ಕೋಣೆಯನ್ನು ಅಲ್ಲಿ ಯೋಚಿಸಬಹುದು. ಅಲ್ಲಿಯವರೆಗೆ ಗಾಯದಲ್ಲಿ ಹುಳು ಕಂಡವರು ಸೀಮೆಎಣ್ಣೆ, ಫಿನೈಲ್ ಮುಟ್ಟದೆ ಅದೇ ದಿನ ಆಸ್ಪತ್ರೆಗೆ ಬರಲಿ.