ಫೋನಿಗೂ ಒಂದು ಟಿ.ಸಿ. ಬೇಕು

ನಮ್ಮ ಮಚ್ಛೆಯ ಶಾಲೆಗೆ ಜೂನ್ ತಿಂಗಳಲ್ಲಷ್ಟೇ ಅಲ್ಲ, ದೀಪಾವಳಿ ಕಳೆದ ಮೇಲೂ ಹೊಸ ಮಕ್ಕಳು ಬರುತ್ತಾರೆ. ಅಪ್ಪನಿಗೆ ಇಲ್ಲಿಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತೆಂದು ಖಾನಾಪುರದ ಕಡೆಯಿಂದಲೋ, ಗಡಿಯಾಚೆಯ ಚಂದಗಡದ ಕಡೆಯಿಂದಲೋ ಸಂಸಾರ ಎತ್ತಿಕೊಂಡು ಬಂದವರ ಮಕ್ಕಳು. ಕೈಯಲ್ಲೊಂದು ಟಿ.ಸಿ. ಇರುತ್ತದೆ. ಹುಟ್ಟಿದ ತಾರೀಖು, ಓದಿದ ತರಗತಿ ಎಲ್ಲ ಅದರಲ್ಲೇ. 'ಹುಡುಗ ಬೇಕಾದರೆ ಹೋಗಲಿ, ಅವನು ಕಲಿತದ್ದು ನಮ್ಮ ಶಾಲೆಯಲ್ಲೇ ಇರಲಿ' ಎಂದ ಹೆಡ್‌ಮಾಸ್ತರರನ್ನು ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿಲ್ಲ.

ಈ ಮಾತು ಯಾಕೆ ಬಂತೆಂದರೆ, 2023ರ ದೀಪಾವಳಿಗೆ ಮಗ ನನ್ನ ಫೋನು ಬದಲಿಸಿದ. ನನಗೇನೂ ಬೇಕಿರಲಿಲ್ಲ. ನಮ್ಮ ಹೆಂಗಸರ ಕೈಗೆ ಬರುವ ಫೋನು ಬಹುಮಟ್ಟಿಗೆ ಬೇರೆಯವರೇ ಆರಿಸಿದ್ದಲ್ಲವೇ? ಈಗ ಫೋನುಗಳಲ್ಲಿ ಇರುವುದು ಮುಖ್ಯವಾಗಿ ಎರಡು ವಂಶ, ಆಂಡ್ರಾಯ್ಡ್ ಒಂದು, ಐಫೋನ್ ಒಂದು. ನಾನು ಒಂದು ವಂಶದಿಂದ ಇನ್ನೊಂದಕ್ಕೆ ಹೋದೆ. ಯಾವುದರಿಂದ ಯಾವುದಕ್ಕೆ ಎಂದು ಹೇಳಲೊಲ್ಲೆ. ಕಂಪನಿಯ ಹೆಸರು ಹಿಡಿದು ಬೈಯುವುದು ನನ್ನ ಉದ್ದೇಶವಲ್ಲ.

ಬೆಳಗಾವಿಯ ಅಂಗಡಿಯ ಹುಡುಗ ಒಳ್ಳೆಯವನೇ. ಹೆಸರು, ನಂಬರು, ಫೋಟೋ ಎಲ್ಲ ಹೊಸದಕ್ಕೆ ಹಾಕಿದ. ಹಳೆಯದನ್ನು ಎಕ್ಸ್‌ಚೇಂಜಿಗೆ ಹಿಡಿದು ರೊಕ್ಕ ಕಡಿಮೆ ಮಾಡಿದ. "ಚಾಟ್ ಅಷ್ಟ ಬರಂಗಿಲ್ಲರೀ ಅಕ್ಕೋರ, ಇದರ ಜಾತಿನ ಬ್ಯಾರೆ" ಎಂದ. ವಾಯ್ಸ್ ಮೆಸೇಜಾದರೂ ಕೊಡಪ್ಪಾ ಎಂದೆ. ಒಂದು ಪೆನ್‌ಡ್ರೈವಿಗೆ ಸುರಿದು ಕೊಟ್ಟ.

ಆ ಪೆನ್‌ಡ್ರೈವಿನಲ್ಲಿ ನನ್ನ ಅವ್ವ ಇದ್ದಾಳೆ. ಖಾನಾಪುರ ತಾಲೂಕಿನ ಹಳ್ಳಿಯಲ್ಲಿದ್ದ ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಮೊಮ್ಮಗ ಅವಳಿಗೆ ಮೈಕಿನ ಗುಂಡಿ ಒತ್ತಿ ಹಿಡಿಯುವುದನ್ನು ಕಲಿಸಿದ. "ತಂಗೀ, ಇಲ್ಲಿ ಮಳಿ ಭಾಳ ಐತಿ, ಬಸ್ಸಿಗೆ ಬರಬ್ಯಾಡ. ಸಂಡಿಗಿ ಕೊಟ್ಟ ಕಳಿಸೇನಿ, ಮುಟ್ಟಿದ್ವೇನು?" ಇಂಥವೇ. 2022ರ ಶ್ರಾವಣದಲ್ಲಿ ಅವ್ವ ಹೋದಳು.

ಈಗ ಅವಳನ್ನು ಹುಡುಕಬೇಕು. ಆರುನೂರಕ್ಕೂ ಹೆಚ್ಚು ಧ್ವನಿಗಳಿವೆ, ಪ್ರತಿಯೊಂದರ ಮೇಲೂ ಒಂದು ತಾರೀಖು, ಒಂದು ಸಂಖ್ಯೆ. ಯಾರದೆಂಬುದೇ ಇಲ್ಲ. ಒಂದನ್ನು ತೆರೆದರೆ ಹಾಲಿನವನ ಲೆಕ್ಕ. ಇನ್ನೊಂದರಲ್ಲಿ ಸಿ.ಆರ್.ಪಿ. ಸರ್ ಸಭೆಯ ವೇಳೆ ಹೇಳುತ್ತಾರೆ. ಮತ್ತೊಂದರಲ್ಲಿ ನನ್ನದೇ ಧ್ವನಿ, ಯಾರನ್ನೋ ಗದರುತ್ತಿದೆ. (ನಾನು ಇಷ್ಟು ಗದರುತ್ತೇನೆಂದು ಗೊತ್ತಿರಲಿಲ್ಲ.) ಅವ್ವ ಕೇಳಿದ್ದು ಒಂದು ಕಡೆ, ನಾನು ಹೇಳಿದ ಉತ್ತರ ಮತ್ತೆಲ್ಲೋ.

ಆಮೇಲೆ ತಿಳಿಯಿತು, ಚಾಟನ್ನು ಈ ವಂಶದಿಂದ ಆ ವಂಶಕ್ಕೆ ಒಯ್ಯುವ ದಾರಿ 2021-22ರಲ್ಲೇ ಆಗಿತ್ತಂತೆ. ಆದರೆ ಹೊಸ ಫೋನನ್ನು ಮೊದಲ ಸಲ ತೆರೆಯುವಾಗಲೇ ಆ ಕೆಲಸ ಆಗಬೇಕು. ಉಳಿದದ್ದೆಲ್ಲ ತುಂಬಿದ ಮೇಲೆ ನೆನಪಾದರೆ ಹೊಸದನ್ನು ಪೂರ್ತಿ ಒರೆಸಿ ಮತ್ತೆ ಶುರು ಮಾಡಬೇಕು. ನನಗೆ ಇದು ಗೊತ್ತಾಗುವಷ್ಟರಲ್ಲಿ ಹಳೆಯ ಫೋನು ಯಾರ ಕೈ ಸೇರಿತ್ತೋ. ನೀವಾದರೂ ಎಕ್ಸ್‌ಚೇಂಜಿಗೆ ಕೊಡುವ ಮೊದಲು, 'ಚಾಟ್ ಬರುವ ತನಕ ಹಳೆಯದು ನನ್ನ ಚೀಲದಲ್ಲೇ ಇರಲಿ' ಎಂದು ಖಡಾಖಂಡಿತವಾಗಿ ಹೇಳಿ.

"ಗೊತ್ತಿಲ್ಲದ್ದು ನಿಮ್ಮ ತಪ್ಪಲ್ಲವೇ?" ಎಂದರು ಸ್ಟಾಫ್‌ರೂಮಿನಲ್ಲಿ ಒಬ್ಬರು. ಒಪ್ಪಿದೆ. ಆದರೆ ಹಿಂದಿನದನ್ನು ಸ್ವಲ್ಪ ನೆನಪಿಸಿಕೊಳ್ಳಿ. ಸಿಮ್ಮಿನ ಕಂಪನಿ ಬದಲಿಸಿದರೆ ನಂಬರೂ ಹೋಗುತ್ತಿದ್ದ ಕಾಲವೊಂದಿತ್ತು. ಬೀಗರು, ನೆಂಟರು, ಗ್ಯಾಸಿನವನು, ಎಲ್ಲರಿಗೂ ಹೊಸ ನಂಬರು ಹೇಳಿಕೊಂಡು ತಿರುಗುವ ತಾಪತ್ರಯಕ್ಕೆ ಹೆದರಿ, ಸಿಗ್ನಲ್ ಸಿಗದಿದ್ದರೂ ಹಳೆಯ ಕಂಪನಿಯಲ್ಲೇ ಉಳಿಯುತ್ತಿದ್ದೆವು. ಟ್ರಾಯ್ 2009ರಲ್ಲಿ ನಿಯಮ ಮಾಡಿತು. 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ, 2011ರ ಜನವರಿ 20ರಿಂದ ಇಡೀ ದೇಶದಲ್ಲಿ, ನಂಬರು ಉಳಿಸಿಕೊಂಡೇ ಕಂಪನಿ ಬಿಡಬಹುದೆಂದಾಯಿತು. 1900ಕ್ಕೆ ಒಂದು ಎಸ್ಸೆಮ್ಮೆಸ್ ಕಳಿಸಿದರೆ ಕೆಲಸ ಶುರು. ಯಾವ ಕಂಪನಿಯೂ ಮುಳುಗಲಿಲ್ಲವೆಂದಲ್ಲ, ಮುಳುಗಿದವು ಬೇರೆ ಕಾರಣಕ್ಕೆ ಮುಳುಗಿದವು.

ಹತ್ತು ಅಂಕಿಯ ನಂಬರಿಗೆ ಸಿಕ್ಕ ನ್ಯಾಯ ಅವ್ವನ ಮಾತಿಗೆ ಯಾಕಿಲ್ಲ? ಯೂರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನು, ಕಂಪನಿಗೆ ನಾವು ಕೊಟ್ಟ ಮಾಹಿತಿಯನ್ನು ಹಿಂದಕ್ಕೆ ಪಡೆದು ಇನ್ನೊಂದು ಕಡೆ ಒಯ್ಯುವ ಹಕ್ಕನ್ನು ಜನರಿಗೆ ಕೊಟ್ಟಿದೆ. 2019ರಲ್ಲಿ ನಮ್ಮ ಲೋಕಸಭೆಗೆ ಬಂದ ಮಸೂದೆಯಲ್ಲೂ ಇಂಥ ಹಕ್ಕು ಇತ್ತು. ಆ ಮಸೂದೆಯನ್ನು 2022ರಲ್ಲಿ ಹಿಂತೆಗೆದುಕೊಂಡರು. 2023ರಲ್ಲಿ ಪಾಸಾದ ಕಾಯ್ದೆಯಲ್ಲಿ ಆ ಹಕ್ಕೇ ಮಾಯ! ಸರಿಯಾದ ಉತ್ತರ ಬರೆದು, ಕೊನೆಗೆ ತಾವೇ ಕಾಟು ಹಾಕಿ ಬರುವ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಯಾಕೋ ಎಂದು ಕೇಳಿದರೆ ತಲೆಯನ್ನಾದರೂ ತಗ್ಗಿಸುತ್ತಾರೆ.

ಸುರಕ್ಷತೆಗಾಗಿ ಬೀಗ ಎಂಬ ವಾದ ಒಂದಿದೆ. ಹಾಕಿ, ಬೇಡವೆಂದವರಾರು? ಕಳ್ಳನಿಗೆಂದು ಹಾಕಿದ ಬೀಗದ ಕೀಲಿ ಮನೆಯಾಕೆಯ ಸೊಂಟದಲ್ಲಿರಬೇಕು, ಬೀಗ ಮಾರಿದವನ ಜೇಬಿನಲ್ಲಲ್ಲ. ಫೋನು ಬದಲಿಸುವವರಿಗೆ ಎಲ್ಲವನ್ನೂ ಹೆಸರು, ತಾರೀಖು, ಅನುಕ್ರಮದ ಸಮೇತ ಕಟ್ಟಿ ಕಳಿಸುವುದು ಮಾರಿದವರ ಹೊಣೆ ಎಂದು ಕಾಯ್ದೆಯಲ್ಲಿ ಬರೆಯಲಿ. ವಯಸ್ಸಾದ ತಂದೆತಾಯಿಯ ಮಾತನ್ನು ಫೋನಿನಲ್ಲಿ ಇಟ್ಟುಕೊಂಡವರು ಪ್ರತಿ ಓಣಿಯಲ್ಲೂ ಇದ್ದಾರೆ. ವೋಟು ಕೇಳಲು ಬಂದವರಿಗೆ ನೀರು, ರಸ್ತೆಯ ಜೊತೆ ಇದನ್ನೂ ಹೇಳೋಣ.

ಇಲ್ಲಿಯವರೆಗೆ ಅವ್ವನವು ನಲವತ್ತೊಂದು ಸಿಕ್ಕಿವೆ. ಸಂಡಿಗೆಯದು ಎರಡು ಸಲ ಬಂತು, ಮುಟ್ಟಿದವೆಂದು ನಾನು ಹೇಳಿಯೇ ಇರಲಿಲ್ಲವೋ ಏನೋ. ಇನ್ನೂ ಇನ್ನೂರು ಚಿಲ್ಲರೆ ಕೇಳುವುದಿದೆ. ಪರೀಕ್ಷೆ ಮುಗಿದು ಪೇಪರು ನೋಡಿ ಕೊಟ್ಟ ಮೇಲೆ ಕೂರಬೇಕು.